ಹೆಂಡತಿ ಉಪಾಧ್ಯಕ್ಷೆಯಾದರೆ ಗಂಡನ ವಕೀಲಿಕೆ ಏನಾಗಬೇಕು?

2025ರ ಏಪ್ರಿಲ್ 1ರಂದು ಡೊನಾಲ್ಡ್ ಟ್ರಂಪ್ ತಮ್ಮ ಜಾಲತಾಣದಲ್ಲಿ ಒಂದು ಒಪ್ಪಂದವನ್ನು ಪ್ರಕಟಿಸಿದರು. ನ್ಯೂಯಾರ್ಕ್‌ನ ಹಳೆಯ ಲಾ ಫರ್ಮುಗಳಲ್ಲೊಂದಾದ ವಿಲ್ಕಿ ಫಾರ್ ಆ್ಯಂಡ್ ಗ್ಯಾಲಘರ್, ಸರ್ಕಾರಕ್ಕೂ ತನಗೂ ಒಪ್ಪಿಗೆಯಾಗುವ ಕೆಲಸಗಳಿಗಾಗಿ ಕನಿಷ್ಠ 10 ಕೋಟಿ ಡಾಲರ್ ಬೆಲೆಯ ಕಾನೂನು ಸೇವೆಯನ್ನು ಫೀಸಿಲ್ಲದೆ ಕೊಡಲು ಒಪ್ಪಿತ್ತು. ಹಾಗೆ ಒಪ್ಪಿದ್ದರಿಂದ ಬೇರೆ ಕೆಲವು ಫರ್ಮುಗಳ ತಲೆಯ ಮೇಲೆ ಬಿದ್ದಿದ್ದ, ಸರ್ಕಾರಿ ಕಟ್ಟಡ, ಗುತ್ತಿಗೆಗಳ ಬಾಗಿಲು ಮುಚ್ಚುವ ಅಧ್ಯಕ್ಷರ ಕಾರ್ಯಾದೇಶ ಅದರ ಮೇಲೆ ಬೀಳಲಿಲ್ಲ. ಆ ಫರ್ಮಿಗೆ ಜನವರಿಯಲ್ಲಷ್ಟೇ ಬಂದು ಸೇರಿದ್ದ ಪಾಲುದಾರರೊಬ್ಬರ ಹೆಸರು ಡಗ್ ಎಮ್‌ಹಾಫ್. ಹಿಂದಿನ ನವೆಂಬರ್‌ನಲ್ಲಿ ಟ್ರಂಪ್ ಎದುರು ಸೋತ ಕಮಲಾ ಹ್ಯಾರಿಸ್ ಅವರ ಪತಿ.

ಕೆಲವೇ ದಿನಗಳಲ್ಲಿ ಎಮ್‌ಹಾಫ್ ಸಾರ್ವಜನಿಕವಾಗಿಯೇ ಭಿನ್ನಮತ ಹೇಳಿದರು. ಫರ್ಮು ರಾಜಿ ಮಾಡಿಕೊಂಡದ್ದು ತಮಗೆ ಒಪ್ಪಿಗೆಯಿಲ್ಲ, ಎದುರಿಸಿ ನಿಲ್ಲಬೇಕಿತ್ತು ಎಂಬುದು ಅವರ ಮಾತಿನ ಸಾರ. ಹಾಗೆ ಹೇಳಿದರೂ ಫರ್ಮು ಬಿಡಲಿಲ್ಲ. ಹೆಂಡತಿ ಉಪಾಧ್ಯಕ್ಷೆಯಾದಾಗ ಒಂದು ಕ್ಷಣವೂ ಯೋಚಿಸದವರಂತೆ ದೊಡ್ಡ ಫರ್ಮನ್ನು ಬಿಟ್ಟುಬಂದಿದ್ದ ಮನುಷ್ಯ, ಈ ಸಲ ಯಾಕೆ ಬಿಡಲಿಲ್ಲ ಎಂದು ಅವರದೇ ಪಕ್ಷದ ಕಡೆಯ ಜನ ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆ ಅದರ ಅಡಿಯಲ್ಲಿದೆ. ರಾಜಕಾರಣಿಯ ಸಂಗಾತಿ ವಕೀಲರಾಗಿದ್ದರೆ ಏನು ಅಪಾಯ ಎಂದು ಅಮೆರಿಕ ಐವತ್ತು ವರ್ಷಗಳಿಂದ ಲೆಕ್ಕ ಹಾಕುತ್ತ ಬಂದಿದೆ. ಆ ಲೆಕ್ಕವೆಲ್ಲ ಒಂದೇ ದಿಕ್ಕಿನದು: ಫರ್ಮಿನ ಹಣ ಸಂಗಾತಿಯ ಮೂಲಕ ಅಧಿಕಾರದೊಳಗೆ ನುಸುಳಬಾರದು. ಅಧಿಕಾರವೇ ತಿರುಗಿ ಫರ್ಮಿನ ಕತ್ತು ಹಿಡಿಯಬಹುದು ಎಂಬುದನ್ನು ಯಾವ ನಿಯಮವೂ ಊಹಿಸಿರಲಿಲ್ಲ.

ಎಮ್‌ಹಾಫ್ ಹುಟ್ಟಿದ್ದು 1964ರಲ್ಲಿ, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ, ಯಹೂದಿ ಕುಟುಂಬವೊಂದರಲ್ಲಿ. ತಂದೆಯದು ಚಪ್ಪಲಿ, ಬೂಟು ವಿನ್ಯಾಸ ಮಾಡುವ ಕೆಲಸ. ನ್ಯೂಜೆರ್ಸಿಯಲ್ಲಿ ಬೆಳೆದು, ಹರೆಯದಲ್ಲಿ ಕುಟುಂಬದೊಂದಿಗೆ ಕ್ಯಾಲಿಫೋರ್ನಿಯಾಕ್ಕೆ ಬಂದರು. ನಾರ್ತ್‌ರಿಜ್‌ನ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಪದವಿ, 1990ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ (ಯುಎಸ್‌ಸಿ) ಗೌಲ್ಡ್ ಕಾನೂನು ಶಾಲೆಯಲ್ಲಿ ಲಾ ಪದವಿ. ಹಾರ್ವರ್ಡ್, ಯೇಲ್‌ನ ಮುದ್ರೆಯಿಲ್ಲದ, ಲಾಸ್ ಏಂಜಲೀಸ್‌ನಲ್ಲೇ ನೆಲೆ ಕಂಡುಕೊಂಡ ವಕೀಲ. 2000ದಲ್ಲಿ ಜೊತೆಗಾರರೊಂದಿಗೆ ಸ್ವಂತ ಫರ್ಮು ತೆರೆದರು. 2006ರಲ್ಲಿ ವೆನಬಲ್ ಎಂಬ ದೊಡ್ಡ ಫರ್ಮು ಅದನ್ನು ಕೊಂಡುಕೊಂಡಿತು. 2017ರಲ್ಲಿ ಡಿಎಲ್ಎ ಪೈಪರ್ ಎಂಬ ಇನ್ನೂ ದೊಡ್ಡ ಫರ್ಮಿಗೆ ಹೋದರು.

ಅವರು ನಡೆಸಿದ ವ್ಯಾಜ್ಯಗಳಲ್ಲಿ ಒಂದನ್ನು ಹತ್ತಿರದಿಂದ ನೋಡಿದರೆ ಈ ಬಗೆಯ ವಕೀಲಿಕೆಯ ರುಚಿ ಗೊತ್ತಾಗುತ್ತದೆ. 1990ರ ದಶಕದ ಕೊನೆಯಲ್ಲಿ ಟ್ಯಾಕೋ ಬೆಲ್ ಎಂಬ ತಿಂಡಿ ಕಂಪನಿಯ ಟಿವಿ ಜಾಹೀರಾತಿನಲ್ಲಿ ಚಿವಾವಾ ಜಾತಿಯ ಒಂದು ಪುಟ್ಟ ನಾಯಿ ಮಾತಾಡುತ್ತಿತ್ತು. ಅಮೆರಿಕದ ಮನೆಮನೆಯಲ್ಲಿ ಆ ನಾಯಿ ಪರಿಚಿತವಾಯಿತು. ಅಷ್ಟರಲ್ಲಿ ಮಿಷಿಗನ್ ರಾಜ್ಯದ ಇಬ್ಬರು ಬಂದು, ‘ಈ ನಾಯಿ ನಮ್ಮದು, ಈ ಕಲ್ಪನೆಯನ್ನು ಕಂಪನಿಗೆ ಮೊದಲು ತೋರಿಸಿದವರು ನಾವು’ ಎಂದು ದಾವೆ ಹೂಡಿದರು. 2003ರಲ್ಲಿ ಅಲ್ಲಿನ ಜ್ಯೂರಿ ಅವರಿಗೆ 3 ಕೋಟಿ ಡಾಲರ್‌ಗೂ ಹೆಚ್ಚು ಪರಿಹಾರ ಕೊಡಿಸಿತು. ಬಡ್ಡಿ ಸೇರಿ ಮೊತ್ತ 4.2 ಕೋಟಿಯ ಹತ್ತಿರ ಹೋಯಿತು. ಈಗ ಟ್ಯಾಕೋ ಬೆಲ್ ತನ್ನ ಜಾಹೀರಾತು ಸಂಸ್ಥೆ ಟಿಬಿಡಬ್ಲ್ಯುಎ ಕಡೆ ತಿರುಗಿ, ಜಾಹೀರಾತು ಮಾಡಿದವರು ನೀವು, ದಂಡ ಕಟ್ಟುವವರೂ ನೀವೇ ಎಂದಿತು. ಎಮ್‌ಹಾಫ್ ನಿಂತದ್ದು ಜಾಹೀರಾತು ಸಂಸ್ಥೆಯ ಪರ. ಮೊದಲಿನ ಇಬ್ಬರೊಂದಿಗೆ ಮಾತುಕತೆ ನಡೆಸಿದ್ದು ಟ್ಯಾಕೋ ಬೆಲ್ ತಾನೇ, ಆ ಕಲ್ಪನೆ ಎಲ್ಲಿಂದ ಬಂತೆಂದು ಗೊತ್ತಿದ್ದದ್ದೂ ಅದಕ್ಕೇ ಎಂಬ ವಾದ ಗೆದ್ದಿತು. 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಪೂರ್ತಿ ಹೊರೆಯನ್ನು ಟ್ಯಾಕೋ ಬೆಲ್ ಮೇಲೆಯೇ ಉಳಿಸಿತು.

ನಾಯಿಯ ಜಗಳವಾದ್ದರಿಂದ ನಗು ಬರುತ್ತದೆ, ಆದರೆ ಅದರಲ್ಲಿ ನಾಲ್ಕು ಕೋಟಿ ಡಾಲರ್ ಇತ್ತು. ಇಂಥ ಕಕ್ಷಿದಾರರು ಈಗ ಬಂದು ನಾಳೆ ಹೋಗುವವರಲ್ಲ. ವಾಲ್‌ಮಾರ್ಟ್, ಔಷಧ ಕಂಪನಿ ಮರ್ಕ್‌ಗಳಿಗೂ ಎಮ್‌ಹಾಫ್ ವಕೀಲರಾಗಿದ್ದರು. ಕ್ಯಾಲಿಫೋರ್ನಿಯಾದ ಒಬ್ಬ ವ್ಯಾಪಾರಿ ವಕೀಲನಿಗೆ ಇವೆಲ್ಲ ಗೌರವದ ಕಕ್ಷಿಗಳು. ಅದೇ ವಕೀಲನ ಹೆಂಡತಿ ಔಷಧ ಬೆಲೆಯ ಮಸೂದೆಗೆ ಸೆನೆಟ್‌ನಲ್ಲಿ ಮತ ಹಾಕುವವಳಾದರೆ ಅವೇ ಕಕ್ಷಿಗಳು ತಲೆನೋವು.

2013ರಲ್ಲಿ ಸ್ನೇಹಿತೆಯೊಬ್ಬರು ಇಬ್ಬರ ಭೇಟಿ ಮಾಡಿಸಿದಾಗ ಕಮಲಾ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್. ಎಮ್‌ಹಾಫ್‌ಗೆ ಮೊದಲ ಮದುವೆಯ ಇಬ್ಬರು ಮಕ್ಕಳಿದ್ದರು. 2014ರ ಆಗಸ್ಟ್‌ನಲ್ಲಿ ಸಾಂತಾ ಬಾರ್ಬರಾದ ಕೋರ್ಟು ಕಟ್ಟಡದಲ್ಲಿ ಮದುವೆಯಾಯಿತು. ವರನ ಕೊರಳಿಗೆ ಹೂವಿನ ಹಾರ ಬಿತ್ತು, ವರ ಯಹೂದಿ ಸಂಪ್ರದಾಯದಂತೆ ಗಾಜಿನ ಲೋಟ ಕಾಲಲ್ಲಿ ತುಳಿದು ಒಡೆದರು. ಕಮಲಾ ಅವರ ತಾಯಿಯ ತಂದೆಯ ಊರು ತಮಿಳುನಾಡಿನ ತುಳಸೇಂದ್ರಪುರ. ಚುನಾವಣೆ ಬಂದಾಗಲೆಲ್ಲ ನಮ್ಮ ವಾಹಿನಿಗಳು ಆ ಊರಿನ ದೇವಸ್ಥಾನದ ಮುಂದೆ ಕ್ಯಾಮೆರಾ ಇಟ್ಟು ಪೂಜೆ ತೋರಿಸಿದವು. ಅಳಿಯನ ಕೆಲಸ ಏನಾಯಿತು ಎಂದು ಕೇಳಿದವರು ಕಡಿಮೆ.

2020ರ ಆಗಸ್ಟ್‌ನಲ್ಲಿ ಜೋ ಬೈಡನ್ ಉಪಾಧ್ಯಕ್ಷ ಸ್ಥಾನಕ್ಕೆ ಕಮಲಾ ಹೆಸರು ಪ್ರಕಟಿಸಿದಾಗ ಎಮ್‌ಹಾಫ್ ಫರ್ಮಿನಿಂದ ರಜೆ ಹಾಕಿದರು. ಗೆದ್ದ ಮೇಲೆ, ಪ್ರಮಾಣವಚನಕ್ಕೆ ಮೊದಲೇ ಪೂರ್ತಿ ಬಿಡುವುದಾಗಿ ಹೇಳಿದರು. ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾಕೆಂದರೆ ಯಾವ ಕಾನೂನೂ ಅವರನ್ನು ಬಿಡು ಎಂದು ಒತ್ತಾಯಿಸಿರಲಿಲ್ಲ.

ಅಮೆರಿಕದ ಸಂಯುಕ್ತ ಸರ್ಕಾರದ ನೌಕರನೊಬ್ಬ ತನ್ನ ಗಂಡ ಅಥವಾ ಹೆಂಡತಿಗೆ ಹಣಕಾಸಿನ ಲಾಭನಷ್ಟ ಇರುವ ಕಡತಕ್ಕೆ ಕೈ ಹಾಕಿದರೆ ಅದು ಅಪರಾಧ. ಸಂಗಾತಿಯ ಹಿತವನ್ನು ಕಾನೂನು ನೌಕರನದೇ ಹಿತ ಎಂದು ಎಣಿಸುತ್ತದೆ. ಆದರೆ ಈ ಕಲಮು ಅಧ್ಯಕ್ಷರಿಗೂ ಉಪಾಧ್ಯಕ್ಷರಿಗೂ ಅನ್ವಯಿಸುವುದಿಲ್ಲ, ಸಂಸದರಿಗೂ ಇಲ್ಲ. ಗುಮಾಸ್ತ ಹಿಂದೆ ಸರಿದರೆ ಪಕ್ಕದ ಮೇಜಿನವನು ಕಡತ ನೋಡುತ್ತಾನೆ, ಅಧ್ಯಕ್ಷ ಹಿಂದೆ ಸರಿದರೆ ನೋಡುವವರಾರು ಎಂಬುದು ಅದರ ಹಿಂದಿನ ತರ್ಕ. ಮೇಲಿನವರಿಗೆ ಮುಖ್ಯವಾಗಿ ಉಳಿಯುವ ಬಾಧ್ಯತೆ ಇದು: ವಾಟರ್‌ಗೇಟ್ ಹಗರಣದ ನಂತರ 1978ರಲ್ಲಿ ಬಂದ ಕಾಯ್ದೆಯ ಪ್ರಕಾರ ವರ್ಷವರ್ಷ ಆದಾಯ, ಆಸ್ತಿಯ ವಿವರ ಬಹಿರಂಗಪಡಿಸಬೇಕು, ಅದರಲ್ಲಿ ಸಂಗಾತಿಯದೂ ಬರಬೇಕು. ಅಂದರೆ ಕೆಳಗಿನವನಿಗೆ ಜೈಲಿನ ಭಯ, ಮೇಲಿನವರಿಗೆ ನಾಚಿಕೆಯ ಭಯ. ಎಮ್‌ಹಾಫ್ ಬಿಟ್ಟದ್ದು ಈ ಎರಡನೆಯದರಿಂದ.

ನಾಚಿಕೆಗೆ ಕಾರಣ ಪಾಲುದಾರಿಕೆಯ ಲೆಕ್ಕ. ದೊಡ್ಡ ಲಾ ಫರ್ಮಿನ ಪಾಲುದಾರ ಸಂಬಳಗಾರನಲ್ಲ, ಲಾಭದ ಹಂಚಿಕೆದಾರ. ಅವನು ಲಾಸ್ ಏಂಜಲೀಸ್‌ನಲ್ಲಿ ನಾಯಿಯ ಜಾಹೀರಾತಿನ ಕೇಸು ನಡೆಸುತ್ತಿರಬಹುದು. ವಾಷಿಂಗ್ಟನ್ ಕಚೇರಿಯಲ್ಲಿ ಅವನ ಸಹಪಾಲುದಾರ ಯಾವುದೋ ಕಂಪನಿಗಾಗಿ ಸಂಸದರ ಬಳಿ ಲಾಬಿ ಮಾಡುತ್ತಿರಬಹುದು. ಎರಡೂ ಕಡೆಯ ಹಣ ಒಂದೇ ಹುಂಡಿಗೆ ಬೀಳುತ್ತದೆ, ವರ್ಷಾಂತ್ಯಕ್ಕೆ ಅಲ್ಲಿಂದಲೇ ಪಾಲು. ಡಿಎಲ್ಎ ಪೈಪರ್ ನಲವತ್ತಕ್ಕೂ ಹೆಚ್ಚು ದೇಶಗಳಲ್ಲಿ ಕಚೇರಿ ಇರುವ ಫರ್ಮು, ಲಾಬಿ ವಿಭಾಗವೂ ಅದಕ್ಕಿದೆ. ತಾನು ಯಾವತ್ತೂ ಲಾಬಿ ಮಾಡಿಲ್ಲ ಎಂಬ ಎಮ್‌ಹಾಫ್ ಕಡೆಯ ಸ್ಪಷ್ಟನೆ ಸತ್ಯವಾಗಿಯೇ ಇದ್ದರೂ ಸಾಲದಾಗಿತ್ತು. ಹುಂಡಿ ಹಂಚಿಕೊಳ್ಳುವವನು ಆ ಹುಂಡಿಗೆ ಯಾರ್‍ಯಾರು ಹಾಕಿದರು ಎಂಬುದಕ್ಕೂ ಉತ್ತರ ಕೊಡಬೇಕಾಗುತ್ತದೆ.

ಅವರು ತೆಗೆದುಕೊಂಡ ದಾರಿ ಪಾಠದ್ದು. 2021ರ ಆರಂಭದಿಂದ ವಾಷಿಂಗ್ಟನ್‌ನ ಜಾರ್ಜ್‌ಟೌನ್ ಕಾನೂನು ಶಾಲೆಯಲ್ಲಿ ಮನರಂಜನಾ ಕ್ಷೇತ್ರದ ವ್ಯಾಜ್ಯಗಳ ಬಗ್ಗೆ ಕಲಿಸತೊಡಗಿದರು. ದಂಪತಿ ಬಹಿರಂಗಪಡಿಸಿದ ತೆರಿಗೆ ವಿವರಗಳಲ್ಲಿ ಇದರ ಬೆಲೆ ಕಾಣುತ್ತದೆ. 2020ರಲ್ಲಿ ಇಬ್ಬರ ಒಟ್ಟು ಆದಾಯ ಸುಮಾರು 17 ಲಕ್ಷ ಡಾಲರ್ ಇತ್ತು. 2022ರ ಹೊತ್ತಿಗೆ ಅದು ಸುಮಾರು 4.57 ಲಕ್ಷಕ್ಕೆ ಇಳಿದಿತ್ತು. ಅದರಲ್ಲಿ ಎಮ್‌ಹಾಫ್ ಅವರ ಜಾರ್ಜ್‌ಟೌನ್ ಸಂಬಳ ಸುಮಾರು 1.7 ಲಕ್ಷ. ಸಂಬಳ ಅಂದರೆ ಸಂಬಳ. ಹಣ ಎಲ್ಲಿಂದ ಬಂತು, ಯಾರ ಕೆಲಸಕ್ಕೆ ಬಂತು ಎಂಬುದು ಒಂದು ಸಾಲಿನಲ್ಲಿ ಮುಗಿಯುತ್ತದೆ. ಬಡತನವೇನೂ ಬರಲಿಲ್ಲ ನಿಜ, ತ್ಯಾಗ ಎಂದು ಹೊಗಳುವ ಅಗತ್ಯವೂ ಇಲ್ಲ. ಆದರೆ ಆದಾಯದ ಮೂಲ ಸರಳವಾದಷ್ಟೂ ಅನುಮಾನಕ್ಕೆ ಜಾಗ ಕಡಿಮೆ. ಬೈಡನ್ ಪತ್ನಿ ಜಿಲ್ ಕೂಡ ಶ್ವೇತಭವನದಲ್ಲಿದ್ದುಕೊಂಡೇ ನಾರ್ದರ್ನ್ ವರ್ಜೀನಿಯಾ ಕಮ್ಯುನಿಟಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದರು. ಅಧಿಕಾರದ ನೆರಳಿನಲ್ಲಿ ಸಂಬಳದ ಕೆಲಸ ಮಾಡಬಹುದಾದ ಜಾಗ ತರಗತಿಯೊಂದೇ ಎನ್ನುವಷ್ಟರ ಮಟ್ಟಿಗೆ ಇದು ರೂಢಿಯಾಗುತ್ತಿತ್ತು.

ಈ ರೂಢಿ ಬರುವ ಮುನ್ನ ಏನಾಗುತ್ತಿತ್ತು ಎಂಬುದಕ್ಕೆ ಹಿಲರಿ ಕ್ಲಿಂಟನ್ ಸಾಕ್ಷಿ. ಅವರ ಹಾದಿ ಉಲ್ಟಾ. 1974ರಲ್ಲಿ ಅರ್ಕಾನ್ಸಾ ವಿಶ್ವವಿದ್ಯಾಲಯದ ಕಾನೂನು ಶಾಲೆಯಲ್ಲಿ ಪಾಠದಿಂದ ಶುರು ಮಾಡಿ, 1977ರಲ್ಲಿ ರೋಸ್ ಲಾ ಫರ್ಮಿಗೆ ಸೇರಿ, 1979ರಲ್ಲಿ, ಗಂಡ ಗವರ್ನರ್ ಆದ ವರ್ಷವೇ, ಅಲ್ಲಿನ ಮೊದಲ ಮಹಿಳಾ ಪಾಲುದಾರರಾದರು. ರಾಜ್ಯ ಸರ್ಕಾರದ ಕೆಲಸದಿಂದ ಬರುವ ಫೀಸಿನಲ್ಲಿ ತನ್ನ ಪಾಲು ತೆಗೆದುಕೊಳ್ಳುತ್ತಿರಲಿಲ್ಲ ಎಂದು ಅವರು ಹೇಳಿದ್ದುಂಟು. 1992ರ ಮಾರ್ಚ್‌ನಲ್ಲಿ, ಗಂಡ ಬಿಲ್ ಕ್ಲಿಂಟನ್ ಅಧ್ಯಕ್ಷ ಸ್ಥಾನದ ಉಮೇದುವಾರರಾಗಿದ್ದಾಗ, ಪಕ್ಷದೊಳಗಿನ ಎದುರಾಳಿ ಜೆರ್‍ರಿ ಬ್ರೌನ್ ಟಿವಿ ಚರ್ಚೆಯಲ್ಲಿ, ಗವರ್ನರ್ ಹೆಂಡತಿಯ ಫರ್ಮಿಗೆ ಸರ್ಕಾರಿ ಕೆಲಸ ಹರಿಸುತ್ತಾರೆ ಎಂದು ಎತ್ತಿದಾಗ ಈ ಸ್ಪಷ್ಟನೆ ಯಾರ ಕಿವಿಗೂ ಬೀಳಲಿಲ್ಲ. ಮರುದಿನ ಹಿಲರಿ, ಮನೆಯಲ್ಲಿ ಬಿಸ್ಕತ್ತು ಬೇಯಿಸಿಕೊಂಡು ಇರಬಹುದಿತ್ತೇನೋ, ಆದರೆ ನಾನು ನನ್ನ ವೃತ್ತಿ ಮಾಡಿದೆ ಎಂಬ ಅರ್ಥದ ಮಾತಾಡಿದ್ದು ಇನ್ನೊಂದು ರಾಮಾಯಣಕ್ಕೆ ದಾರಿಯಾಯಿತು. ಗೃಹಿಣಿಯರನ್ನು ಹೀಗಳೆದರು ಎಂಬ ಗದ್ದಲದಲ್ಲಿ ಹಿತಾಸಕ್ತಿ ಸಂಘರ್ಷದ ಅಸಲಿ ಪ್ರಶ್ನೆ ಮುಳುಗಿಹೋಯಿತು. ಅದೇ ವೃತ್ತಿಯನ್ನು ಬಿಟ್ಟುಕೊಟ್ಟ ಗಂಡಸಿಗೆ 2021ರಲ್ಲಿ ಸಿಕ್ಕ ಚಪ್ಪಾಳೆ ನೋಡಿದರೆ, ಹೆಂಗಸರು ಸದ್ದಿಲ್ಲದೆ ಬಿಟ್ಟದ್ದಕ್ಕೆ ಯಾರಾದರೂ ಚಪ್ಪಾಳೆ ತಟ್ಟಿದ್ದರೇ ಎಂದು ಕೇಳಬೇಕೆನಿಸುತ್ತದೆ.

ಟ್ರಂಪ್ ಜೊತೆ ಉಪಾಧ್ಯಕ್ಷರಾದ ಜೆ.ಡಿ. ವ್ಯಾನ್ಸ್ ಅವರ ಪತ್ನಿ ಉಷಾ ವ್ಯಾನ್ಸ್ ಅವರದು ಹೆಚ್ಚೂಕಡಿಮೆ ಎಮ್‌ಹಾಫ್ ಅವರದೇ ದಾರಿ, ಇನ್ನಷ್ಟು ವೇಗದಲ್ಲಿ. ಆಂಧ್ರ ಮೂಲದ ತಂದೆತಾಯಿಯ ಮಗಳು, ಯೇಲ್‌ನಲ್ಲಿ ಓದಿದವರು, ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಅವರ ಬಳಿ ಕಾನೂನು ಸಹಾಯಕಿಯಾಗಿದ್ದವರು. ಅದಕ್ಕೂ ಮುಂಚೆ ಚೀನಾದ ಗ್ವಾಂಗ್‌ಝೌನಲ್ಲಿ ಕೆಲಕಾಲ ಪಾಠ ಮಾಡಿದ್ದವರು. 2024ರ ಜುಲೈ 15ರಂದು ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿ ಗಂಡನ ಹೆಸರು ಪ್ರಕಟವಾದ ದಿನವೇ ಅವರು ಮಂಗರ್ ಟಾಲ್ಸ್ ಆ್ಯಂಡ್ ಓಲ್ಸನ್ ಫರ್ಮನ್ನು ಬಿಟ್ಟ ಸುದ್ದಿ ಹೊರಬಿತ್ತು. ಎರಡು ಪಕ್ಷ, ಎರಡು ಲಿಂಗ, ಆದರೂ ನಡೆ ಒಂದೇ.

ಆಮೇಲೆ ಬಂದದ್ದು 2025ರ ವಸಂತ. ತಮ್ಮ ವಿರುದ್ಧ ಕೇಸು ನಡೆಸಿದ, ತನಿಖೆಯಲ್ಲಿ ಕೈಜೋಡಿಸಿದ ವಕೀಲರಿಗೆ ಆಶ್ರಯ ಕೊಟ್ಟ ಫರ್ಮುಗಳ ಮೇಲೆ ಟ್ರಂಪ್ ಒಂದರ ಹಿಂದೊಂದು ಆದೇಶ ಹೊರಡಿಸಿದರು. ಆ ಫರ್ಮಿನವರಿಗೆ ಸರ್ಕಾರಿ ಕಟ್ಟಡದೊಳಗೆ ಪ್ರವೇಶಕ್ಕೆ ತಡೆ, ಭದ್ರತಾ ಅನುಮತಿ ಅಮಾನತು, ಅವರನ್ನು ನೇಮಿಸಿಕೊಂಡ ಗುತ್ತಿಗೆದಾರರ ಸರ್ಕಾರಿ ಗುತ್ತಿಗೆಯ ಮರುಪರಿಶೀಲನೆ. ಕೊನೆಯದೇ ನಿಜವಾದ ಏಟು. ಫರ್ಮಿಗೆ ಭಯ ಅಧ್ಯಕ್ಷರದ್ದಲ್ಲ. ತನ್ನ ಕಕ್ಷಿದಾರ ಹೆದರಿ ಎದ್ದುಹೋಗುತ್ತಾನೆ ಎಂಬುದರದ್ದು. ಪರ್ಕಿನ್ಸ್ ಕೂಯಿ, ಜೆನ್ನರ್ ಆ್ಯಂಡ್ ಬ್ಲಾಕ್, ವಿಲ್ಮರ್‌ಹೇಲ್, ಸಸ್‌ಮನ್ ಗಾಡ್‌ಫ್ರೇ ಕೋರ್ಟಿಗೆ ಹೋದವು. ಮೇ, ಜೂನ್ ತಿಂಗಳಲ್ಲಿ ನಾಲ್ವರು ಬೇರೆ ಬೇರೆ ನ್ಯಾಯಾಧೀಶರು ನಾಲ್ಕೂ ಆದೇಶಗಳನ್ನು ಸಂವಿಧಾನಬಾಹಿರ ಎಂದು ಹೊಡೆದುಹಾಕಿದರು. ಒಂಬತ್ತು ಫರ್ಮುಗಳು ಮಾತ್ರ ರಾಜಿಗೆ ಹೋದವು. ಅವು ಕೊಡಲೊಪ್ಪಿದ ಉಚಿತ ಸೇವೆಯ ಒಟ್ಟು ಬೆಲೆ 94 ಕೋಟಿ ಡಾಲರ್. ವಿಲ್ಕಿ ಈ ಸಾಲಿನದು. 1940ರಲ್ಲಿ ರಿಪಬ್ಲಿಕನ್ ಅಭ್ಯರ್ಥಿಯಾಗಿ ರೂಸ್‌ವೆಲ್ಟ್ ಎದುರು ಸೋತ ವೆಂಡೆಲ್ ವಿಲ್ಕಿ ಹೆಸರು ಹೊತ್ತ ಫರ್ಮಿದು. ಅಲ್ಲಿ ಎಮ್‌ಹಾಫ್ ಒಬ್ಬರೇ ಅಲ್ಲ, 2021ರ ಜನವರಿ 6ರ ಸಂಸತ್ ದಾಳಿಯ ತನಿಖಾ ಸಮಿತಿಗೆ ಮುಖ್ಯ ತನಿಖಾಧಿಕಾರಿಯಾಗಿದ್ದ ಟಿಮ್ ಹೀಫಿ ಕೂಡ ಇದ್ದರು. ಸರ್ಕಾರದ ಕಣ್ಣಿಗೆ ಬೀಳಲು ಎರಡು ಹೆಸರು ಧಾರಾಳವಾಯಿತು.

ಈಗ ಎಮ್‌ಹಾಫ್ ಅವರ ಎರಡು ನಿರ್ಧಾರಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 2021ರಲ್ಲಿ ಅವರು ಫರ್ಮು ಬಿಟ್ಟದ್ದು, ಫರ್ಮಿನಿಂದ ಹೆಂಡತಿಯ ಅಧಿಕಾರಕ್ಕೆ ಮಸಿ ತಗಲಬಾರದೆಂದು. 2025ರಲ್ಲಿ ಹೆಂಡತಿಗೆ ಅಧಿಕಾರವಿರಲಿಲ್ಲ, ಹಾಗಾಗಿ ಫರ್ಮಿಗೆ ಮರಳುವುದು ನಿರಪಾಯ ಎಂದು ಹಳೆಯ ಲೆಕ್ಕ ಹೇಳುತ್ತಿತ್ತು. ಆದರೆ ಸೋತ ರಾಜಕಾರಣಿಯ ಗಂಡ ಅನ್ನುವುದೇ ಫರ್ಮಿಗೆ ಹೊರೆಯಾಯಿತು. ಯಾವ ಹೆಸರು ನೋಡಿ ಕಕ್ಷಿದಾರರು ಬರುತ್ತಾರೋ ಅದೇ ಹೆಸರು ನೋಡಿ ಸರ್ಕಾರವೂ ಬಂತು. ಫರ್ಮು ರಾಜಿಯಾದ ಏಪ್ರಿಲ್ ತಿಂಗಳ ಕೊನೆಯಲ್ಲೇ ಟ್ರಂಪ್ ಆಡಳಿತ ಎಮ್‌ಹಾಫ್ ಅವರನ್ನು, ನಾತ್ಸಿಗಳ ಯಹೂದಿ ನರಮೇಧವನ್ನು ನೆನಪಿಸುವ ಹಾಲೊಕಾಸ್ಟ್ ಸ್ಮಾರಕ ಮಂಡಳಿಯಿಂದಲೂ ತೆಗೆದುಹಾಕಿತು. ಯಹೂದಿ ದ್ವೇಷದ ವಿರುದ್ಧ ನಾಲ್ಕು ವರ್ಷ ಮಾತಾಡಿದ, ಆಶ್‌ವಿಟ್ಜ್‌ಗೆ ಹೋಗಿ ಬಂದ ಮನುಷ್ಯನಿಗೆ ಫರ್ಮಿನ ಸಂಗತಿಗಿಂತ ಇದೇ ಹೆಚ್ಚು ನೋವು ಕೊಟ್ಟಿರಬಹುದು.

ಹಾಗಾದರೆ ರಾಜೀನಾಮೆ ಕೊಡಬೇಕಿತ್ತೇ? ನನಗನ್ನಿಸುವುದು, ಕೊಟ್ಟಿದ್ದರೆ ಮಾತಿಗೆ ತೂಕ ಬರುತ್ತಿತ್ತು. ಒಪ್ಪಂದವನ್ನು ವಿರೋಧಿಸುತ್ತೇನೆ, ಲಾಭದಲ್ಲಿ ಪಾಲು ಮಾತ್ರ ಇರಲಿ ಎಂಬ ನಿಲುವು, ಹುಂಡಿಯ ತರ್ಕವನ್ನು ಚೆನ್ನಾಗಿ ಬಲ್ಲ ವಕೀಲನ ಬಾಯಲ್ಲಿ ಅಷ್ಟು ಚೆನ್ನಾಗಿ ಕೇಳುವುದಿಲ್ಲ. ಒಳಗಿದ್ದೇ ಹೋರಾಡುತ್ತೇನೆ ಎಂಬ ವಾದಕ್ಕೂ ಬೆಲೆಯಿದೆ, ಆದರೆ ಒಳಗೆ ಏನು ಹೋರಾಟ ನಡೆಯಿತು ಎಂಬುದು ಹೊರಗಿನವರಿಗೆ ಕಾಣುವುದಿಲ್ಲ.

ಉಷಾ ಬಿಟ್ಟುಬಂದ ಫರ್ಮಿನ ಕಥೆ ಇದಕ್ಕಿಂತ ಸ್ವಾರಸ್ಯ. ಪರ್ಕಿನ್ಸ್ ಕೂಯಿ ಪರವಾಗಿ ಐನೂರಕ್ಕೂ ಹೆಚ್ಚು ಫರ್ಮುಗಳು ಸಹಿ ಹಾಕಿ ನ್ಯಾಯಾಲಯಕ್ಕೆ ಒಂದು ಮನವಿ ಸಲ್ಲಿಸಿದವು. ಅದನ್ನು ಮುಂದೆ ನಿಂತು ಸಿದ್ಧಪಡಿಸಿದ್ದು ಮಂಗರ್ ಟಾಲ್ಸ್. ಒಂದು ವೇಳೆ ಉಷಾ ಅಲ್ಲೇ ಇದ್ದಿದ್ದರೆ? ಉಪಾಧ್ಯಕ್ಷರ ಹೆಂಡತಿ ಕೆಲಸ ಮಾಡುವ ಫರ್ಮೇ ಉಪಾಧ್ಯಕ್ಷರ ಸರ್ಕಾರದ ವಿರುದ್ಧ ಕೋರ್ಟಿನಲ್ಲಿ ನಿಂತಂತೆ ಆಗುತ್ತಿತ್ತು. ಅಥವಾ ಆ ಮುಜುಗರ ಬೇಡವೆಂದು ಫರ್ಮು ಸುಮ್ಮನಾಗಿಬಿಡುತ್ತಿತ್ತೇನೋ. ಉಷಾ ಬಿಟ್ಟದ್ದರಿಂದ ಗಂಡನಿಗೆ ಅನುಕೂಲವಾಯಿತು ಎಂದೇ ಎಲ್ಲರೂ ಬರೆದರು. ಫರ್ಮಿಗೂ ಬಾಯಿ ಬಿಡುವ ಸ್ವಾತಂತ್ರ್ಯ ಉಳಿಯಿತು ಎಂದು ಬರೆದವರನ್ನು ನಾನು ಕಾಣೆ.

ನಮ್ಮಲ್ಲಿ ಇದರ ಲೆಕ್ಕಾಚಾರ ಬೇರೆ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ಗಂಡ, ಹೆಂಡತಿ, ತಂದೆ, ಚಿಕ್ಕಪ್ಪ, ಅಣ್ಣತಮ್ಮ ಮುಂತಾದ ಹತ್ತಿರದವರು ನ್ಯಾಯಾಧೀಶರಾಗಿ ಕೂತ ಪೀಠದ ಮುಂದೆ ವಕೀಲ ಹಾಜರಾಗುವಂತಿಲ್ಲ. ನ್ಯಾಯಾಧೀಶರ ನೆಂಟಸ್ತಿಕೆಯ ಬಗ್ಗೆ ಇಷ್ಟು ಉದ್ದದ ಪಟ್ಟಿ ಮಾಡಿದ ನಿಯಮ, ಮಂತ್ರಿಯ ಹೆಂಡತಿಯೋ ಶಾಸಕಿಯ ಗಂಡನೋ ವಕೀಲರಾಗಿದ್ದರೆ ಏನು ಮಾಡಬೇಕೆಂದು ಹೇಳುವುದಿಲ್ಲ. ಪಾಠಕ್ಕೆ ಮಾತ್ರ ಮುಕ್ತ ಅವಕಾಶವಿದೆ: ವಕೀಲಿಕೆ ಮಾಡಿಕೊಂಡೇ ದಿನಕ್ಕೆ ಮೂರು ಗಂಟೆಯವರೆಗೆ ಕಾನೂನು ಕಲಿಸಬಹುದು ಎಂದು 1979ರ ನಿಯಮಗಳು ಹೇಳುತ್ತವೆ. ಬೆಳಿಗ್ಗೆ ಲಾ ಕಾಲೇಜಿನಲ್ಲಿ ಕ್ಲಾಸು ಮುಗಿಸಿ, ಕೋರ್ಟ್ ಹಾಲಿಗೆ ಓಡುವ ವಕೀಲರು ನಮಗೆ ಹೊಸಬರಲ್ಲ. ಸಂಗಾತಿಯ ಆಸ್ತಿ ಬಯಲಿಗೆ ಬರುವುದು ಚುನಾವಣಾ ಅಫಿಡವಿಟ್‌ನಲ್ಲಿ. ಎಷ್ಟು ಕೆ.ಜಿ. ಬಂಗಾರ, ಎಷ್ಟು ಎಕರೆ ಜಮೀನು ಎಂದು ಪತ್ರಿಕೆಗಳು ನಾಮಪತ್ರದ ಸಮಯದಲ್ಲಿ ಚೌಕಟ್ಟು ಹಾಕಿ ಬರೆಯುತ್ತವೆ. 2018ರಲ್ಲಿ ಸುಪ್ರೀಂ ಕೋರ್ಟು ಆಸ್ತಿಯಷ್ಟೇ ಸಾಲದು, ಸಂಗಾತಿಯ ಆದಾಯದ ಮೂಲವೂ ಬೇಕು ಎಂದಿತು. ಆ ಕಾಲಂನಲ್ಲಿ ಒಂದು ಪದ ಬರೆದರೆ ಮುಗಿಯಿತು: ‘ವಕೀಲರು’. ಯಾರ ವಕೀಲರು ಎಂದು ಯಾವ ಫಾರಮ್ಮೂ ಕೇಳುವುದಿಲ್ಲ.

ತರಗತಿ ಸುರಕ್ಷಿತ ಜಾಗ ಎಂಬ ರೂಢಿಯೂ 2025ರಲ್ಲಿ ಅಲ್ಲಾಡಿತು. ಎಮ್‌ಹಾಫ್ ಮೊದಲು ಕಲಿಸಿದ ಜಾರ್ಜ್‌ಟೌನ್ ಕಾನೂನು ಶಾಲೆಗೆ ವಾಷಿಂಗ್ಟನ್‌ನ ಹಂಗಾಮಿ ಸಂಯುಕ್ತ ಸರ್ಕಾರಿ ವಕೀಲ ಎಡ್ ಮಾರ್ಟಿನ್ ಪತ್ರ ಬರೆದು, ವೈವಿಧ್ಯ ಮತ್ತು ಸಮಾನತೆಯ ಪಾಠಗಳನ್ನು ಕೈಬಿಡದಿದ್ದರೆ ನಿಮ್ಮ ವಿದ್ಯಾರ್ಥಿಗಳಿಗೆ ನಮ್ಮಲ್ಲಿ ಕೆಲಸವಿಲ್ಲ ಎಂಬ ಸೂಚನೆ ಕೊಟ್ಟರು. ಏನು ಕಲಿಸಬೇಕೆಂದು ಸರ್ಕಾರ ಹೇಳುವಂತಿಲ್ಲ ಎಂದು ಡೀನ್ ವಿಲಿಯಂ ಟ್ರೇನರ್ ಮಾರ್ಚ್‌ನಲ್ಲಿ ಸಂವಿಧಾನದ ಮೊದಲ ತಿದ್ದುಪಡಿಯನ್ನು ಮುಂದಿಟ್ಟು ಉತ್ತರಿಸಿದರು. ಎಮ್‌ಹಾಫ್ ಅದೇ ವರ್ಷ ತಾನು ಓದಿದ ಯುಎಸ್‌ಸಿ ಕಾನೂನು ಶಾಲೆಗೆ ಅಧ್ಯಾಪಕರಾಗಿ ಸೇರಿದರು, ವಿಲ್ಕಿಯ ಪಾಲುದಾರಿಕೆಯನ್ನೂ ಉಳಿಸಿಕೊಂಡರು. ಅಕ್ಟೋಬರ್‌ನಲ್ಲಿ ಟ್ರಂಪ್ ಆಡಳಿತ ಒಂಬತ್ತು ವಿಶ್ವವಿದ್ಯಾಲಯಗಳ ಮುಂದೆ ತನ್ನ ಷರತ್ತುಗಳ ಒಂದು ಒಡಂಬಡಿಕೆ ಇಟ್ಟು, ಸಹಿ ಹಾಕಿದವರಿಗೆ ಅನುದಾನದಲ್ಲಿ ಆದ್ಯತೆ ಎಂದಿತು. ಯುಎಸ್‌ಸಿ ಆ ಒಂಬತ್ತರಲ್ಲಿ ಒಂದು. ಅದು ಸಹಿ ಹಾಕಲು ಒಪ್ಪಲಿಲ್ಲ. ಹೀಗೆ ಒಬ್ಬನೇ ಮನುಷ್ಯ ಬಾಗಿದ ಫರ್ಮಿನಿಂದ ಲಾಭದ ಪಾಲನ್ನೂ, ಬಾಗದ ವಿಶ್ವವಿದ್ಯಾಲಯದಿಂದ ಸಂಬಳವನ್ನೂ ಪಡೆಯುವಂತಾಯಿತು.

ಕಮಲಾ ಹ್ಯಾರಿಸ್ 2025ರ ಜುಲೈನಲ್ಲಿ ಕ್ಯಾಲಿಫೋರ್ನಿಯಾ ಗವರ್ನರ್ ಸ್ಥಾನಕ್ಕೆ ನಿಲ್ಲುವುದಿಲ್ಲ ಎಂದರು. 2028ರ ಅಧ್ಯಕ್ಷೀಯ ಚುನಾವಣೆಯ ಬಗ್ಗೆ ಹಾಗೆ ಹೇಳಿಲ್ಲ. ಅಖಾಡಕ್ಕಿಳಿದರೆ ಅವರು ಮತ್ತೆ ಆದಾಯದ ವಿವರ ಸಲ್ಲಿಸಬೇಕು, ಗಂಡನ ಆದಾಯದ ಮೂಲವಾಗಿ ವಿಲ್ಕಿ ಹೆಸರು ಅಲ್ಲಿ ಇರಬೇಕು. ಟ್ರಂಪ್ ಜೊತೆ ರಾಜಿ ಮಾಡಿಕೊಂಡ ಫರ್ಮಿನ ದುಡ್ಡು ಅಭ್ಯರ್ಥಿಯ ಮನೆಗೆ ಹೇಗೆ ಬಂತು ಎಂದು ಮೊದಲು ಕೇಳುವವರು ರಿಪಬ್ಲಿಕನ್ನರಾಗಿರುವುದಿಲ್ಲ, ಅವರದೇ ಪಕ್ಷದ ಪ್ರಾಥಮಿಕ ಸುತ್ತಿನ ಎದುರಾಳಿಗಳಾಗಿರುತ್ತಾರೆ.